ನಾಲ್ಕನೇ ಜ್ವರ

ಕೋನಪ್ಪನ ಸೈಕಲ್ಲು ಶಾಲೆಯ ಗೇಟು ದಾಟಿ ಒಳಗೆ ಬಂದದ್ದನ್ನು ಕಂಡ ಕೂಡಲೇ ಆದಿಲಕ್ಷ್ಮಮ್ಮನ ತುಟಿಯ ನಡುವೆ ಇದ್ದ ಸೀಟಿ ತಾನಾಗಿಯೇ ಕೂಗಿತು. ಖೋಖೋ ಆಡುತ್ತಿದ್ದ ಒಂಬತ್ತನೇ ತರಗತಿಯ ಹುಡುಗಿಯರು ಓಡುತ್ತಿದ್ದಲ್ಲೇ ನಿಂತು, ಯಾರದು ತಪ್ಪು, ಯಾರು ಔಟು ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ಔಟಾಗಿರಲಿಲ್ಲ. ಡ್ರಿಲ್ ಮೇಡಂ ಆಟ ನಿಲ್ಲಿಸಿದ ಕಾರಣ ಮೈದಾನದ ಇನ್ನೊಂದು ತುದಿಯಲ್ಲಿ ಪೆಡಲು ತುಳಿಯುತ್ತ ಬರುತ್ತಿತ್ತು. ಶಿಡ್ಲಘಟ್ಟದ ಬಸ್ ಸ್ಟ್ಯಾಂಡಿನ ಎದುರು ಆ ವರ್ಷ ತೆರೆದಿದ್ದ ಎಸ್‌ಟಿಡಿ ಬೂತು ಕೋನಪ್ಪನದು. ಆದಿಲಕ್ಷ್ಮಮ್ಮನ ತಮ್ಮ ಬಯ್ಯಪ್ಪ ಊರಿಂದ ಊರಿಗೆ ಟೆನಿಸ್ ಆಡುತ್ತ ಹೋದಲ್ಲೆಲ್ಲ ಕೈಗೆ ಸಿಕ್ಕ ಫೋನಿನಿಂದ ಆ ಬೂತಿಗೆ ಎರಡು ಮಾತು ಹೇಳುವುದು, ಆ ಎರಡು ಮಾತನ್ನು ಕೋನಪ್ಪ ನಾಲ್ಕು ಮಾಡಿ ತಂದು ಮುಟ್ಟಿಸುವುದು ಮೂರು ವಾರದಿಂದ ನಡೆದುಬಂದಿತ್ತು.

'ಮೇಡಮ್ಮೋರೇ, ಮದ್ರಾಸಿಂದ ಮಾಡಿದ್ದ. ನಾಲ್ಕನೇ ಜ್ವರ ಅಂತೆ. ಅಷ್ಟೇ ಹೇಳು ಸಾಕು, ಅಕ್ಕಂಗೆ ಗೊತ್ತಾಗ್ತದೆ ಅಂದ.'

'ನಾಲ್ಕನೇ ಜ್ವರನಾ? ಅಂಗೇ ಅಂದ್ನಾ? ನಾಲ್ಕನೇದು ಅಂತ?'

'ಅಂಗೇ ಅಂದ. ಯಾಕಮ್ಮ, ಮದ್ರಾಸಲ್ಲೂ ರೇಷ್ಮೆಹುಳ ಸಾಕ್ತವ್ನಾ ನಿನ್ ತಮ್ಮ? ಆ ಬಿಸ್ಲಲ್ಲಿ ಎಲ್ಲಾ ಬೆಂದು ಸಾಯ್ತವೆ ಅಂತ ಹೇಳು.'

ಆದಿಲಕ್ಷ್ಮಮ್ಮ ನಕ್ಕಳು. ನಗು ಅವಳ ಅಳತೆಗಿಂತ ದೊಡ್ಡದಾಗಿ ಬಂತು. ಹುಡುಗಿಯರೂ ಯಾಕೆಂದು ತಿಳಿಯದೆಯೇ ನಕ್ಕರು. ತಮ್ಮ ಟೆನಿಸ್ ಸರಣಿಯ ನಾಲ್ಕನೆಯ ವಾರಕ್ಕೆ ಹೋದ. ಮೂರು ವಾರ, ಮೂರು ಊರು, ಕೊನೆಯ ವಾರಕ್ಕೆ ಆರಿಸಿದವರಲ್ಲಿ ಇವನೂ ಒಬ್ಬ. ಹೇಳಬೇಕೆನಿಸಿತು, ಆದರೆ ಯಾರಿಗೆ, ಹೇಗೆ? ಹೆಡ್‌ಮಿಸ್ಟ್ರೆಸ್ಸಿಗೆ ಹೇಳಿದರೆ, 'ಗೆದ್ದನೇನ್ರೀ?' ಎಂದು ಕೇಳುತ್ತಾರೆ. ಗೆದ್ದದ್ದಲ್ಲ. ಸೋತೂ ಸೋತೂ, ನಡುನಡುವೆ ಗೆದ್ದು, ಒಟ್ಟಿನಲ್ಲಿ ಉಳಿದುಕೊಂಡದ್ದು. ಅದಕ್ಕೆ ಶಾಲೆಯಲ್ಲಿ ಹೆಸರಿರಲಿಲ್ಲ. ಹುಳದ ಮನೆಯಲ್ಲಿ ಮಾತ್ರ ಇತ್ತು.

ಆ ಹೆಸರನ್ನು ಕೊಟ್ಟವನು ಬಯ್ಯಪ್ಪನೇ. ಜನವರಿಯಲ್ಲಿ, ತೊಂಬತ್ತನೇ ಇಸವಿ ಹುಟ್ಟಿದ ಹೊಸದರಲ್ಲಿ, ಬೆಂಗಳೂರಿನ ಆಫೀಸಿನಿಂದ ಭಾನುವಾರಕ್ಕೆಂದು ಬಂದವನು ಹುಳದ ಮನೆಯ ಹೊಸ್ತಿಲ ಮೇಲೆ ಕೂತು ತಟ್ಟೆ ತೊಳೆಯುತ್ತ, ಪ್ರಪಂಚದ ಟೆನಿಸ್ಸಿನಲ್ಲಿ ಲೆಕ್ಕವೇ ಬದಲಾಗಿಬಿಟ್ಟಿದೆ ಎಂದು ಕಣ್ಣರಳಿಸಿ ಹೇಳಿದ್ದ. ಇಷ್ಟು ದಿನ ವರ್ಷವಿಡೀ ಗಳಿಸಿದ ಅಂಕವನ್ನೆಲ್ಲ ಕೂಡಿ, ಆಡಿದ ಪಂದ್ಯಾವಳಿಗಳ ಸಂಖ್ಯೆಯಿಂದ ಭಾಗಿಸುತ್ತಿದ್ದರು. ಹನ್ನೆರಡಕ್ಕಿಂತ ಕಡಿಮೆ ಆಡಿದ್ದರೂ ಹನ್ನೆರಡರಿಂದಲೇ ಭಾಗ. ತಾಯಿ ಮುನಿಶಾಮಮ್ಮನಿಗೆ ಅದು ತಟ್ಟನೆ ಅರ್ಥವಾಗಿತ್ತು: 'ನೂರು ಮೊಟ್ಟೆಗೆ ಎಷ್ಟು ಕೇಜಿ ಗೂಡು ಅಂತಾರಲ್ಲ, ಅಂಗೆ.' ಅಂಗೆಯೇ. ಒಂದು ತಟ್ಟೆಯ ಹುಳ ಸತ್ತರೂ ಅದು ಭಾಗಾಕಾರದಲ್ಲಿ ಬದುಕಿರುತ್ತದೆ, ಚೆನ್ನಾಗಿ ಬೆಳೆದ ತಟ್ಟೆಗಳನ್ನು ಕೆಳಕ್ಕೆ ಎಳೆಯುತ್ತದೆ. ಈಗ ಹಾಗಲ್ಲ. ಹಿಂದಿನ ಐವತ್ತೆರಡು ವಾರಗಳಲ್ಲಿ ಆಡಿದ್ದರಲ್ಲಿ ಬಹಳ ಚೆನ್ನಾಗಿ ಆಡಿದ ಹದಿನಾಲ್ಕನ್ನು ಮಾತ್ರ ಆರಿಸಿ ಕೂಡುತ್ತಾರೆ. 'ಮಿಕ್ಕಿದ್ದು?' ಎಂದಿದ್ದಳು ತಾಯಿ. 'ಮಿಕ್ಕಿದ್ದು ತಿಪ್ಪೆಗೆ, ಅಮ್ಮ. ಎಷ್ಟು ಸಲ ಸೋತ್ರೂ ಯಾರೂ ಕೇಳಲ್ಲ.' ಸೋಲನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳದ ಒಂದು ನಿಯಮವನ್ನು ಪ್ರಪಂಚದಲ್ಲಿ ಎಲ್ಲೋ ಯಾರೋ ಕೂತು ಬರೆದಿದ್ದಾರೆ ಎಂಬ ಸುದ್ದಿ ಆದಿಲಕ್ಷ್ಮಮ್ಮನ ಎದೆಯಲ್ಲಿ ಅವತ್ತು ಹಬ್ಬದ ಹಾಗೆ ಕೂತುಬಿಟ್ಟಿತ್ತು. ಎರಡು ದಿನ ಅದನ್ನೇ ನೆನೆದಿದ್ದಳು. ಬಸ್ಸಿನಲ್ಲಿ, ಹಾಜರಿ ಕರೆಯುವಾಗ, ಸಾರಿಗೆ ಒಗ್ಗರಣೆ ಹಾಕುವಾಗ.

'ಹಂಗಾದ್ರೆ ನಿನ್ಗೂ ಬಂತಲ್ಲ ಅಂಕ? ಹೋದ ವರ್ಷ ಮೂರು ವಾರ ಆಡಿದ್ಯಲ್ಲ,' ಎಂದು ಅವಳೇ ಕೇಳಿದ್ದು. ಕೇಳಬಾರದಿತ್ತು. ಕೇಳದಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ಬಯ್ಯಪ್ಪ ತಟ್ಟೆಯನ್ನು ಬೋರಲು ಹಾಕಿ, ನಗುತ್ತಲೇ ವಿವರಿಸಿದ. ತನ್ನಂಥ ಕೆಳಗಿನವರು ಆಡುವುದು ಸ್ಯಾಟಲೈಟ್ ಎಂಬ ಸಣ್ಣ ಸರಣಿ. ನಾಲ್ಕು ವಾರ ಒಂದೇ ಕಂತು. ಪ್ರತಿ ವಾರದ ಆಟಕ್ಕೂ ಸರಣಿಯೊಳಗಿನ ಅಂಕವಿದೆ, ಆದರೆ ಅದು ಹೊರಗೆ ಚಲಾವಣೆಯಾಗುವುದಿಲ್ಲ. ಮೂರು ವಾರ ಮುಗಿದ ಮೇಲೆ ಮೇಲಿನವರನ್ನು ಆರಿಸಿ ನಾಲ್ಕನೆಯ ವಾರಕ್ಕೆ ಕರೆಯುತ್ತಾರೆ. ಕರೆಸಿಕೊಂಡವನು ಅಂಗಳಕ್ಕೆ ಇಳಿಯಲೇಬೇಕು. ಅಲ್ಲಿಯೂ ಮುಗಿದ ಮೇಲೆಯೇ ಎಲ್ಲ ಕೂಡಿ, ಯಾರು ಎಷ್ಟನೆಯವರು ಎಂದು ನೋಡಿ, ಪ್ರಪಂಚದ ಪಟ್ಟಿಗೆ ಸಲ್ಲುವ ನಿಜವಾದ ಅಂಕ ಕೊಡುವುದು. ಮೊದಲಿನವನಿಗೆ ಹೆಚ್ಚು, ಇಳಿಯುತ್ತ ಇಳಿಯುತ್ತ ಕೊನೆಯವನಿಗೆ ಒಂದು. ನಡುವೆ ಎದ್ದು ಬಂದವನಿಗೆ ಏನೂ ಇಲ್ಲ. 'ನಾಲ್ಕು ಜ್ವರ ಇದ್ದಂಗೆ ಕಣಮ್ಮ. ಮೂರನೇ ಜ್ವರ ಎದ್ದ ಹುಳನ ಯಾರಾದ್ರೂ ಮಾರ್ಕೆಟ್ಟಿಗೆ ತಗೊಂಡ್ಹೋಗ್ತಾರಾ, ತೂಗಿ ಅಂತ?' ಮುನಿಶಾಮಮ್ಮ ಬಾಯಿಗೆ ಸೆರಗು ಹಿಡಿದು ನಕ್ಕಿದ್ದಳು. ರೇಷ್ಮೆಹುಳ ಪೊರೆ ಬಿಡಲು ತಲೆಯೆತ್ತಿ ಅಲ್ಲಾಡದೆ ಕೂರುವುದಕ್ಕೆ ಈ ಸೀಮೆಯಲ್ಲಿ ಜ್ವರ ಎನ್ನುತ್ತಾರೆ. ನಾಲ್ಕು ಜ್ವರ ದಾಟಿದ ಮೇಲೆಯೇ ಹುಳ ಹಣ್ಣಾಗಿ ಗೂಡು ಕಟ್ಟುವುದು. ಅಮ್ಮ ನಗುತ್ತಿದ್ದಾಗ ಆದಿಲಕ್ಷ್ಮಮ್ಮ ಹಿಟ್ಟು ಕಲಸುತ್ತಿದ್ದ ಕೈಯನ್ನು ಪಾತ್ರೆಯಿಂದ ಎತ್ತಲಿಲ್ಲ. ಕಲಸಿ ಮುಗಿದ ಹಿಟ್ಟನ್ನೇ ಮತ್ತೆ ಮತ್ತೆ ಕಲಸಿದಳು.

ಯಾಕೆಂದರೆ ಹೋದ ವರ್ಷ ಅವನನ್ನು ಕರೆಸಿದವಳು ಅವಳು. ಬೆಳೆ ಹಣ್ಣಾಗಿತ್ತು, ಹಣ್ಣು ಹುಳ ಅರ್ಧ ದಿನವೂ ಕಾಯುವುದಿಲ್ಲ, ಆಯ್ದು, ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಹಾಕಲು ಕೈ ಸಾಲದು. ಅಮ್ಮನಿಗೆ ಸೊಂಟ ಹಿಡಿದಿತ್ತು, ಶಾಲೆಯಲ್ಲಿ ಪರೀಕ್ಷೆ. ಬಯ್ಯಪ್ಪ ಫೋನಿನಲ್ಲಿ, 'ಇನ್ನೊಂದು ವಾರ ಐತೆ ಅಕ್ಕ,' ಎಂದಿದ್ದ. ಅವಳು, 'ಮೂರು ವಾರ ಆಡಿದ್ಯಲ್ಲಪ್ಪ, ಸಿಕ್ಕಿದ್ದು ಸಿಕ್ಕಿರ್ತದೆ, ಬಾ,' ಎಂದಿದ್ದಳು. ತಿಂಗಳ ಮಧ್ಯೆ ಕೆಲಸ ಬಿಟ್ಟರೂ ದುಡಿದಷ್ಟು ದಿನದ ಸಂಬಳ ಬಂದೇ ಬರುತ್ತದೆ ಎಂದು ನಂಬಿದ ಸರ್ಕಾರಿ ನೌಕರಿಯವಳ ಮಾತು. ಆ ಕಡೆಯಿಂದ, 'ಆಯ್ತು, ಬರ್ತೀನಿ.' ಬಂದ. ರಾಕೆಟ್ಟಿನ ಚೀಲವನ್ನು ಮೊಳೆಗೆ ನೇತುಹಾಕಿ ನೇರ ಹುಳದ ಮನೆಗೆ ಹೊಕ್ಕ. ಹಣ್ಣಾಗದ ಹುಳ, ಹಣ್ಣು ಹುಳ ಬೇರೆ ಮಾಡುವುದರಲ್ಲಿ ಅವನಷ್ಟು ಚುರುಕು ಕೈ ಈ ಬೀದಿಯಲ್ಲಿ ಇಲ್ಲ. ಬೆಳೆ ಉಳಿಯಿತು. ಅವನು ಒಂದು ಮಾತು ದೂರಿದ್ದರೆ ಅವಳು ಜಗಳವಾಡಬಹುದಿತ್ತು. ಅವನು ಅದನ್ನು ತಮಾಷೆಯ ಉದಾಹರಣೆ ಮಾಡಿ ಅಮ್ಮನನ್ನು ನಗಿಸಿದ್ದನಲ್ಲ, ಅದಕ್ಕೆ ಎದುರಾಗಿ ಹಿಡಿದುಕೊಳ್ಳಲು ಅವಳಿಗೆ ಏನೂ ಸಿಕ್ಕಿರಲಿಲ್ಲ.

'ಮಿಸ್, ಆಟ ಮುಂದಕ್ಕಾ?' ಎಂದು ಒಬ್ಬಳು ಕೂಗಿದಳು. 'ಮುಂದಕ್ಕೆ! ಜೋರಾಗಿ!' ಎಂದು ಆದಿಲಕ್ಷ್ಮಮ್ಮ ಸೀಟಿ ಊದಿದಳು. ಕೋನಪ್ಪ ಸೈಕಲ್ಲು ತಿರುಗಿಸಿಕೊಂಡು ಹೋದ. ಹುಡುಗಿಯರು ಓಡಿದರು, ಅವರ ಕಾಲಡಿಯ ಕೆಂಪು ಧೂಳು ಮೇಲೆದ್ದಾಗ ಅವಳಿಗೆ ಚಿಕ್ಕಬಳ್ಳಾಪುರದ ಕ್ಲಬ್ಬಿನ ಅಂಗಳ ಕಂಡಿತು. ಅಪ್ಪ ಮುನಿಗಂಗಪ್ಪ ಅಲ್ಲಿ ಕಾವಲಿಗಿದ್ದ. ಸಾಹೇಬರುಗಳು ಬರುವ ಮೊದಲು ಅವಳೂ ತಮ್ಮನೂ ಕ್ಲಬ್ಬಿನ ಹಿಂಗೋಡೆಗೆ, ತೂತುಬಿದ್ದ ಚೆಂಡನ್ನು ಹಲಗೆಯಿಂದ ಹೊಡೆಯುತ್ತಿದ್ದರು. ಎಣಿಸುವುದರಲ್ಲಿ ಅವಳೇ ಮುಂದೆ. ಅವನು ಎಷ್ಟು ಹೊಡೆದರೂ ಅವಳು ಅದಕ್ಕಿಂತ ಹೆಚ್ಚು. ಒಂದು ಸಂಜೆ ಇಂಜಿನಿಯರ ಹೆಂಡತಿ, ಜೊತೆಗಾತಿ ಬಾರದ ಬೇಸರಕ್ಕೆ, 'ಬಾರೇ, ನೀನೇ ಹೊಡಿ,' ಎಂದು ಗಂಡನ ರಾಕೆಟ್ಟು ಕೊಟ್ಟರು. ಹೊಡೆದಳು. ಆ ನರದ ಜಾಲಿಗೆ ಚೆಂಡು ತಗಲಿದಾಗ ಮೊಣಕೈವರೆಗೂ ಬಂದ ಸದ್ದು ಇವತ್ತಿಗೂ ಅವಳ ಎಲುಬಿನಲ್ಲಿ ಇದೆ. ಆಕೆ ಎರಡು ಬಾರಿ ನೆಟ್ಟಿಗೆ ಹೊಡೆದರು, ಮೂರನೆಯದನ್ನು ಮುಟ್ಟಲಾಗಲಿಲ್ಲ; ಸಾಕು ಎಂದು ರಾಕೆಟ್ಟು ತೆಗೆದುಕೊಂಡು ಅದರ ಹಿಡಿಯನ್ನು ಕರ್ಚೀಫಿನಿಂದ ಒರೆಸಿದರು. ಬೆವರಿಗೆ ಒರೆಸಿದ್ದೋ, ಮತ್ತೊಂದಕ್ಕೆ ಒರೆಸಿದ್ದೋ ಎಂಬುದನ್ನು ಅವಳು ಇಪ್ಪತ್ತು ವರ್ಷದಿಂದ ತೀರ್ಮಾನಿಸಲಾರದೆ ಉಳಿದಿದ್ದಾಳೆ. ಮಾರನೆಯ ದಿನದಿಂದ ಗೋಡೆಗೆ ತಮ್ಮ ಒಬ್ಬನೇ ಹೊಡೆದ. ಅವಳು ಎಲ್ಲಿಯೂ ಆಡಲಿಲ್ಲ, ಆದ್ದರಿಂದ ಸೋಲಲೂ ಇಲ್ಲ. ಹಳೇ ಲೆಕ್ಕದಲ್ಲಿ ಹನ್ನೆರಡರಿಂದ ಭಾಗಿಸಿದರೂ ಸೊನ್ನೆ, ಹೊಸ ಲೆಕ್ಕದಲ್ಲಿ ಹದಿನಾಲ್ಕು ಕೂಡಿದರೂ ಸೊನ್ನೆ. ಆದರೆ ಅವನು ಇವತ್ತು ನಾಲ್ಕನೆಯ ವಾರದಲ್ಲಿದ್ದಾನೆ! ಮತ್ತೆ ಖುಷಿ ಉಕ್ಕಿ ಬಂತು, ಯಾವ ಲೆಕ್ಕಕ್ಕೂ ಕಾಯದೆ. ಆಫೀಸಿನವರು ರಜೆ ಇದೇ ಕೊನೆ ಎಂದಿದ್ದರು: ಈ ಸಲ ಪಟ್ಟಿಯಲ್ಲಿ ಹೆಸರು ಬಂದರೆ ಸರಿ, ಇಲ್ಲವಾದರೆ ಇನ್ನು ಮೇಲೆ ಹತ್ತರಿಂದ ಐದು ಕುರ್ಚಿಯಲ್ಲಿ ಕೂರಬೇಕು. ಒಂದೇ ಒಂದು ಅಂಕ ಸಾಕು. ಒಂದು ಅಂಕ ಇದ್ದವನಿಗೆ ಪ್ರಪಂಚದಲ್ಲಿ ಒಂದು ನಂಬರು ಇರುತ್ತದೆ.

ಅಷ್ಟರಲ್ಲಿ ಬೇವಿನ ಮರದ ಕೆಳಗೆ ಕೂತಿದ್ದ ಹುಡುಗಿಯೊಬ್ಬಳು ಎದ್ದು ಬಂದು ಅವಳೆದುರು ನಿಂತಳು. ಕಣ್ಣು ಕೆಂಪಾಗಿದ್ದವು.

'ಮಿಸ್, ಮನೆಗೆ ಹೋಗ್ಲಾ?'

'ಯಾಕೇ, ಏನಾಯ್ತು?'

'ಜ್ವರ ಮಿಸ್.'

ಆದಿಲಕ್ಷ್ಮಮ್ಮ ಅಭ್ಯಾಸದಂತೆ ಹುಡುಗಿಯ ಹಣೆಗೆ ಅಂಗೈ ಇಟ್ಟಳು. ಹೆಂಚಿನ ಹಾಗೆ ಸುಡುತ್ತಿತ್ತು. ಕೈಯನ್ನು ಹಿಂದಕ್ಕೆ ತೆಗೆಯಲಿಲ್ಲ. ಶಿಡ್ಲಘಟ್ಟದಲ್ಲಿ ಕೋನಪ್ಪನೂ ಅವಳೂ ಜ್ವರ ಎಂಬ ಮಾತನ್ನು ಕೇಳಿ ಹುಳವನ್ನು ನೆನೆದಿದ್ದರು, ಸರಣಿಯನ್ನು ನೆನೆದಿದ್ದರು. ಪ್ರಪಂಚದ ಇನ್ನೆಲ್ಲ ಊರಿನ ಜನ ಮೊದಲು ನೆನೆಯುವ ಅರ್ಥ ಅವರಿಬ್ಬರಿಗೂ ಹೊಳೆದೇ ಇರಲಿಲ್ಲ. ಮದ್ರಾಸಿನಲ್ಲಿ ಅವನು ಇಳಿದಿದ್ದ ಹಾಸ್ಟೆಲ್ಲಿನ ಕಬ್ಬಿಣದ ಮಂಚದ ಮೇಲೆ ಒಬ್ಬ ಮನುಷ್ಯನಿಗೆ ಬರಬಹುದಾದ ಜ್ವರ.

ಹುಡುಗಿಯನ್ನು ಮನೆಗೆ ಕಳಿಸಿ, ಊಟದ ಗಂಟೆ ಹೊಡೆದದ್ದೇ ತಡ ಬಸ್ ಸ್ಟ್ಯಾಂಡಿನ ಕಡೆ ಹೆಜ್ಜೆ ಹಾಕಿದಳು. ಕೋನಪ್ಪ ಬೂತಿನ ಗಾಜು ಒರೆಸುತ್ತಿದ್ದ.

'ಅವನ ದನಿ ಹೆಂಗಿತ್ತು ಕೋನಪ್ಪ?'

'ದನಿನಾ? ಗಂಟ್ಲು ಕಟ್ಟಿತ್ತು. ಎರಡು ಸಲ ಕೆಮ್ಮಿದ. ಮದ್ರಾಸಲ್ಲಿ ನೀರು ಉಪ್ಪಂತಲ್ಲಮ್ಮ, ಅದ್ಕೆ ಇರ್ಬೇಕು.'

'ನೀನು ಕೇಳ್ಲಿಲ್ವಾ ಮೈ ಹುಷಾರಿಲ್ವಾ ಅಂತ?'

'ಹುಳಕ್ಕೆ ಜ್ವರ ಅಂದೋನ್ನ ನಿನ್ಗೆ ಹೆಂಗೈತಪ್ಪ ಅಂತ ಯಾರ್ ಕೇಳ್ತಾರೆ, ಹೇಳು ಮತ್ತೆ!'

ಸಂಜೆಗಲ್ಲದೆ ಅವನು ಹಾಸ್ಟೆಲ್ಲಿಗೆ ಬರುವುದಿಲ್ಲ. ಮನೆಗೆ ಬಂದಳು. ಅಮ್ಮ ಹುಳದ ಮನೆಯ ಬಾಗಿಲಿಗೆ ಅಡ್ಡ ಕೂತು, ಒಳಗೆ ಹೋಗದಂತೆ ಕೈ ಚಾಚಿದಳು. ಇಲ್ಲೂ ನಾಲ್ಕನೇ ಜ್ವರ. ತಟ್ಟೆ ತಟ್ಟೆಯಲ್ಲೂ ಹುಳಗಳು ತಲೆಯನ್ನು ಸ್ವಲ್ಪ ಎತ್ತಿ, ಯಾವುದೋ ಮಾತು ಕೇಳಿಸಿಕೊಳ್ಳುತ್ತಿರುವ ಹಾಗೆ ಕದಲದೆ ನಿಂತಿದ್ದವು. ಮೇಲೆ ತೆಳ್ಳಗೆ ಸುಣ್ಣದ ಪುಡಿ. ಜ್ವರದಲ್ಲಿರುವ ಹುಳಕ್ಕೆ ಸೊಪ್ಪು ಹಾಕಬಾರದು, ತಟ್ಟೆ ಅಲ್ಲಾಡಿಸಬಾರದು, ಪ್ರೀತಿ ಉಕ್ಕಿ ಮುಟ್ಟಲೂ ಬಾರದು. ಮುಟ್ಟಿದರೆ ಹಳೆಯ ಚರ್ಮ ಅರ್ಧಕ್ಕೆ ಸಿಕ್ಕಿಕೊಂಡು ಹುಳ ಅಲ್ಲಿಯೇ ಸಾಯುತ್ತದೆ. ಚಿಕ್ಕವಳಿದ್ದಾಗ ಒಂದನ್ನು ಮುಟ್ಟಿ, ಅಮ್ಮನಿಂದ ಕೈಮೇಲೆ ಏಟು ತಿಂದಿದ್ದಳು.

'ಬಯ್ಯ ನಾಲ್ಕನೇದಕ್ಕೆ ಹೋದ್ನಂತಮ್ಮ,' ಎಂದಳು.

'ಹೌದಾ! ಏಮೇ, ಆಗ್ಲೇನಾ?' ಮುನಿಶಾಮಮ್ಮ ಎದ್ದೇ ನಿಂತಳು. 'ನಮ್ ಹುಳದ ಜೊತೆಗೇ ಕೂತ್ನಲ್ಲೇ! ಈ ಸಲ ಮಾತ್ರ ಕರೀಬೇಡ ಕಣೇ ಅವನ್ನ. ಹಣ್ಣಾದಾಗ ನಾನೂ ನೀನೂ ಆಯ್ಕೊಳಣ. ಆಗ್ದಿದ್ರೆ ಪಕ್ಕದ ಕೊಂಡಮ್ಮನ್ನ ಕರ್ಕೊಳಣ.'

ಈ ಸಲ ಮಾತ್ರ. ಹಾಗಾದರೆ ಅಮ್ಮನಿಗೆ ಗೊತ್ತಿತ್ತು. ಜನವರಿಯಲ್ಲಿ ಬಾಯಿಗೆ ಸೆರಗು ಹಿಡಿದು ನಕ್ಕಾಗಲೂ ಗೊತ್ತಿತ್ತು. ಮಗ ಯಾರನ್ನು ನೋಯಿಸದಿರಲು ನಗುತ್ತಿದ್ದಾನೆಂದು ತಿಳಿದು ಅವಳೂ ನಕ್ಕಿದ್ದಳು. ಆದಿಲಕ್ಷ್ಮಮ್ಮನಿಗೆ ಮುಖ ಬಿಸಿಯಾಯಿತು. ಅನ್ನ ಬಡಿಸಿಕೊಂಡು ಅರ್ಧ ಬಿಟ್ಟು ಶಾಲೆಗೆ ಓಡಿದಳು. ಮಧ್ಯಾಹ್ನವಿಡೀ ತಲೆಯೊಳಗೆ ಅವನ ಜ್ವರ ಒಂದು ಸಲ ನೂರಾಮೂರಕ್ಕೆ ಏರುತ್ತಿತ್ತು, ಒಂದು ಸಲ ಬರಿಯ ತಮಾಷೆಯಾಗಿ ಇಳಿದುಬಿಡುತ್ತಿತ್ತು.

ಸಂಜೆ ಬೂತಿನಲ್ಲಿ ನಿಂತಾಗ ಹೇಳಬೇಕಾದ್ದನ್ನು ನಾಲಗೆಯ ಮೇಲೆ ಜೋಡಿಸಿಕೊಂಡೇ ಇದ್ದಳು. ಮೊದಲು ಕೇಳುವುದು: ಜ್ವರ ಇದೆಯೇನೋ? ಇದೆ ಎಂದರೆ? ಇದೆ ಎಂದ ತಮ್ಮನಿಗೆ ಆಡು ಎಂದು ಹೇಳುವ ಅಕ್ಕ ಪ್ರಪಂಚದಲ್ಲಿ ಇರಲಾರಳು. ಬಾ ಎನ್ನಬೇಕಾಗುತ್ತದೆ. ಬಾ ಎಂದರೆ ಬರುತ್ತಾನೆ. ಅದೇ ಅವಳ ಭಯ, ಅವನು ಬಂದುಬಿಡುತ್ತಾನೆ. ಆ ಕಡೆ ಯಾರೋ ತಮಿಳಿನಲ್ಲಿ ಕೂಗಿ ಕರೆದರು. ಚಪ್ಪಲಿಯ ಸದ್ದು ಮೆಟ್ಟಿಲಿಳಿದು ಬಂತು. ನಿಧಾನಕ್ಕೆ ಇಳಿಯಿತೆಂದು ಅವಳಿಗೆ ಅನಿಸಿತು.

'ಅಕ್ಕ.'

'ಬಯ್ಯಾ! ಕೇಳ್ದೆ ಕಣೋ, ಕೋನಪ್ಪ ಬಂದು ಹೇಳ್ದ! ನಾನು ಸೀಟಿ ಊದ್ಬಿಟ್ಟೆ, ಹುಡ್ಗೀರೆಲ್ಲಾ ನಿಂತ್ಬಿಟ್ರು! ಯಾವತ್ತೋ ಮ್ಯಾಚು?'

'ನಾಳೆ ಬೆಳಿಗ್ಗೆ. ಎದುರಿನೋನು ಗಟ್ಟಿ ಇದಾನೆ. ಇಳಿದ್ರೆ ಸಾಕು, ಆಡಿ ಮುಗಿಸಿದ್ರೆ ಸಾಕು. ಲೆಕ್ಕ ಹಾಕಿದೀನಿ.' ದನಿ ದಪ್ಪಗಿತ್ತು, ಕಂಬಳಿಯೊಳಗಿಂದ ಬಂದ ಹಾಗೆ. ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಅವನೇ ಕೇಳಿದ: 'ಹುಳ ಹೆಂಗವೆ?'

'ಜ್ವರದಲ್ಲಿ ಅವೆ. ನಾಳೆ ಏಳ್ತವೆ.'

'ಮುಟ್ಬೇಡ ಮತ್ತೆ.'

ಅವನು ಕೆಮ್ಮಲಿಲ್ಲ, ಕೆಮ್ಮನ್ನು ತಡೆಹಿಡಿದ ಸದ್ದು ಬಂತು, ಅದು ಕೆಮ್ಮಿಗಿಂತ ಸ್ಪಷ್ಟವಾಗಿತ್ತು.

'ಇಲ್ಲಪ್ಪ,' ಎಂದಳು. 'ಮುಟ್ಟಲ್ಲ.'

'ಸರಿ ಅಕ್ಕ, ಇಡ್ತೀನಿ.'

ಗಾಜಿನ ಬಾಗಿಲು ತೆರೆದಾಗ ಕೋನಪ್ಪ ತಲೆಯಾಡಿಸುತ್ತಿದ್ದ. 'ಮದ್ರಾಸಿಗೆ ಫೋನ್ ಹಾಕಿ ಹುಳದ್ ಮಾತೇ ಆಡಿದ್ರಲ್ಲಮ್ಮ ಅಕ್ಕ ತಮ್ಮ. ಮನೇಲಿ ಬೇರೆ ಮಾತೇ ಇಲ್ವಾ?' ಅವಳು ದುಡ್ಡು ಎಣಿಸಿ ಕೊಟ್ಟು ಹೊರಬಂದಳು. ಕೇಳದೆ ಇದ್ದದ್ದು ಧೈರ್ಯವೋ, ಆಸೆಯೋ? ಪಟ್ಟಿಯಲ್ಲಿ ತಮ್ಮನ ಹೆಸರಿಗಾಗಿಯೋ, ಹೋದ ವರ್ಷದ ತನ್ನ ಮಾತು ಅಳಿಯಲೆಂದೋ? ಅವನ ಮೈಯ ಮೇಲೆ ತನ್ನ ತಪ್ಪನ್ನು ತೀರಿಸಿಕೊಳ್ಳುತ್ತಿದ್ದೇನೆಯೋ? ರಸ್ತೆ ದಾಟುವಾಗ ಚಿಂತಾಮಣಿಯ ಬಸ್ಸು ಹಾರನ್ನು ಹೊಡೆದು, ಕಂಡಕ್ಟರು ತೆಲುಗಿನಲ್ಲಿ ಏನೋ ಬೈದ. ಬೈಗುಳ ಅವಳಿಗೆ ಸರಿಯಾದ ವಿಳಾಸಕ್ಕೇ ಬಂದಂತೆ ಅನಿಸಿತು.

ಬೆಳಿಗ್ಗೆ ಹುಳದ ಮನೆಯಲ್ಲಿ ಮೊದಲ ತಟ್ಟೆ ಎದ್ದಿತ್ತು. ಹಳೆಯ ಪೊರೆಯನ್ನು ಬಾಲದ ಕಡೆ ಬಿಟ್ಟು, ಮಾಸಲು ಹಳದಿ ಮೂತಿಯ ಹುಳಗಳು ಆಚೀಚೆ ತಲೆಯಾಡಿಸಿ ಹುಡುಕುತ್ತಿದ್ದವು. 'ಎಲ್ಲಾ ಏಳ್ಲಿ, ಆಮೇಲೆ ಸೊಪ್ಪು,' ಎಂದಳು ಅಮ್ಮ. ಮುಂಚೆ ಎದ್ದವಕ್ಕೂ ಕಾಯಲೇಬೇಕು. ಆದಿಲಕ್ಷ್ಮಮ್ಮ ಶಾಲೆಗೆ ಬಂದು ಹುಡುಗಿಯರನ್ನು ಸಾಲಾಗಿ ನಿಲ್ಲಿಸಿದಳು. ಈಗ ಅಲ್ಲಿ ಅವನು ಅಂಗಳದಲ್ಲಿ ಇರಬೇಕು. ಕೈ ಮೇಲೆತ್ತಿ, ಒಂದು, ಎರಡು. ಅವನು ಚೆಂಡನ್ನು ಮೇಲಕ್ಕೆ ಎಸೆಯುತ್ತಾನೆ. ಮದ್ರಾಸಿನ ಬಿಸಿಲು ಕಣ್ಣಿಗೆ ಚುಚ್ಚುತ್ತದೆ. ಮೈಯೊಳಗಿನ ಬಿಸಿಯೂ ಹೊರಗಿನ ಬಿಸಿಯೂ ಒಂದೇ ಆಗಿ ಯಾವುದು ಎಲ್ಲಿ ಮುಗಿಯಿತೆಂದು ತಿಳಿಯುವುದಿಲ್ಲ. ಕೈ ಕೆಳಗೆ, ಬಗ್ಗಿ, ಮೂರು, ನಾಲ್ಕು. ಅವನು ಓಡುತ್ತಾನೆ, ಬೀಳಬೇಡ, ಓಡಬೇಡ, ಬಿಟ್ಟುಬಿಡು ಆ ಚೆಂಡನ್ನು, ಅದು ಯಾವ ಲೆಕ್ಕಕ್ಕೂ ಬರುವುದಿಲ್ಲ, ಸೋತರೆ ತಿಪ್ಪೆಗೆ ಎಂದು ನೀನೇ ಹೇಳಿದ್ದೆಯಲ್ಲ! ಆದರೂ ಅವನು ಓಡುತ್ತಾನೆಂದು ಅವಳಿಗೆ ಗೊತ್ತಿತ್ತು. ಅವಳ ಬಲಗೈ ಡ್ರಿಲ್ಲಿನ ಎಣಿಕೆ ಮರೆತು ಭುಜದ ಮೇಲೆ ಹೋಗಿ, ಗಾಳಿಯಲ್ಲಿ ಒಂದು ಹೊಡೆತ ಹೊಡೆಯಿತು. ಮೊಣಕೈವರೆಗೂ ಆ ಸದ್ದು ಬಂತು. ಹುಡುಗಿಯರು ಅದೂ ಡ್ರಿಲ್ಲೇ ಇರಬೇಕೆಂದು, ಸಾಲಿಗೆ ಸಾಲು, ಬಲಗೈಯೆತ್ತಿ ಗಾಳಿಗೆ ಹೊಡೆದರು.

ಡ್ರಿಲ್ಲು ಮುಗಿಯುವ ಹೊತ್ತಿಗೆ ಗೇಟಿನಲ್ಲಿ ಸೈಕಲ್ಲಿನ ಗಂಟೆ. ಕೋನಪ್ಪ ದೂರದಿಂದಲೇ ಕೈಬೀಸಿ ಇಲ್ಲ ಎನ್ನುವಂತೆ ಮಾಡಿದ.

'ಸೋತ್ನಂತೆ ಕಣಮ್ಮ. ಆರು-ಎರಡು, ಆರು-ಒಂದು. ಪಾಪ.'

'ಇಳಿದ್ನಾ? ಪೂರ್ತಿ ಆಡಿದ್ನಾ?'

'ಪೂರ್ತಿ ಆಡ್ದೆ ಹೆಂಗ್ ಸೋಲ್ತಾರೆ? ಅದಿರ್ಲಿ, ಅವನು ಹೇಳಿದ್ದು ನಂಗೊಂದೂ ಅರ್ಥ ಆಗ್ಲಿಲ್ಲ. ಎದ್ದೆ ಅಂತ ಹೇಳು ಅಂದ. ಒಂದು ಅಂತ ಹೇಳು ಅಂದ. ಒಂದು ಏನೋ ಅಂದ್ರೆ, ಅಕ್ಕಂಗೆ ಗೊತ್ತು ಅಂದ. ಈಗ ಮಲಗ್ತೀನಿ ಅಂತಾನೂ ಹೇಳು ಅಂದ. ಎದ್ದೆ ಅನ್ನೋದು, ಮಲಗ್ತೀನಿ ಅನ್ನೋದು. ಸೋತ ದುಃಖಕ್ಕೆ ತಲೆ ಕೆಟ್ಟೈತೆ ಹುಡುಗಂಗೆ.'

ಒಂದು! ತನ್ನ ಕೆಳಗಿನವರು ಇನ್ನು ತನ್ನನ್ನು ದಾಟಲಾರರೆಂದು ಕೂಡಿ ಕಳೆದು ನೋಡಿಯೇ ಅವನು ಫೋನು ಮಾಡಿರುತ್ತಾನೆ. ಅಂಕ ಸಿಗುವವರಲ್ಲಿ ಕಟ್ಟಕಡೆಯವನು, ಒಂದು ಅಂಕ. ಸರಣಿ ಮುಗಿದ ಮೇಲೆ ಬರುವ ಪಟ್ಟಿಯಲ್ಲಿ, ನೂರಾರು ಹೆಸರುಗಳ ಕೆಳಗೆ, ಯಾರೂ ಓದದ ಜಾಗದಲ್ಲಿ, ಅಚ್ಚಿನಲ್ಲಿ ಬಯ್ಯಪ್ಪ. ಐವತ್ತೆರಡು ವಾರ ಅದನ್ನು ಅಲ್ಲಿಂದ ಯಾರೂ ತೆಗೆಯಲಾರರು; ಆಮೇಲೆ ತಾನಾಗಿ ಬೀಳುತ್ತದೆ, ಬೀಳಲಿ, ಆಗಿನದು ಆಗ. 'ಮಿಸ್, ನಿಮ್ಮ ತಮ್ಮ ಗೆದ್ರಾ?' ಎಂದು ಹುಡುಗಿಯರು ಸಾಲು ಮುರಿದು ಮುತ್ತಿಕೊಂಡರು. 'ಸೋತ ಕಣ್ರೇ! ಸೋತ!' ಎಂದು ಆದಿಲಕ್ಷ್ಮಮ್ಮ ಕೂಗಿ, ಒಬ್ಬಳನ್ನು ಎತ್ತಿ ಸುತ್ತು ತಿರುಗಿಸಿ ಇಳಿಸಿದಳು.

ಆಮೇಲೆ, ಸೀಟಿಯನ್ನು ಕ್ಲಾಸ್ ಲೀಡರಿನ ಕೊರಳಿಗೆ ಹಾಕಿ, 'ನಡಿ ಕೋನಪ್ಪ,' ಎಂದು ಅವನ ಸೈಕಲ್ಲಿನ ಕ್ಯಾರಿಯರಿನ ಮೇಲೆ ಕೂತೇಬಿಟ್ಟಳು. ಡ್ರಿಲ್ ಮೇಡಂ ಹಾಗೆ ಪೇಟೆ ಬೀದಿಯಲ್ಲಿ ಹೋದದ್ದನ್ನು ಗೂಡಿನ ಮಾರುಕಟ್ಟೆಗೆ ಹೊರಟವರೆಲ್ಲ ನಿಂತು ನೋಡಿದರು. ಮನೆಯಲ್ಲಿ ಅಮ್ಮ ಈ ಹೊತ್ತಿಗೆ ಸೊಪ್ಪು ಹಾಕುತ್ತಿರುತ್ತಾಳೆ. ಎದ್ದ ಹುಳವನ್ನು ಮುಟ್ಟಬಹುದು.

ಬೂತಿನಲ್ಲಿ ನಂಬರು ತಿರುಗಿಸಿದಳು. ತಮಿಳಿನ ಕೂಗು, ಮತ್ತೆ ಮೆಟ್ಟಿಲು. ಈ ಸಲ ಚಪ್ಪಲಿಯ ಸದ್ದು ಒಂದೊಂದು ಮೆಟ್ಟಿಲಿಗೂ ನಿಂತು ನಿಂತು ಬಂತು.

'ಅಕ್ಕ.'

'ಜ್ವರ ಐತೇನೋ ನಿನ್ಗೆ?' ಎಂದಳು. ನಿನ್ನೆಯಿಂದ ನಾಲಗೆಯ ಮೇಲಿದ್ದ ಮಾತು ಹೊರಗೆ ಬಿದ್ದಾಗ ಅದರ ಜೊತೆ ಅಳುವೂ ನಗುವೂ ಬಂದವು.

ಆ ಕಡೆ ಬಯ್ಯಪ್ಪ, ಮನಸಾರೆ, ತಡೆಯಿಲ್ಲದೆ ಕೆಮ್ಮಿದ.

'ಯಾವ್ ಜ್ವರ ಅಕ್ಕ?' ಎಂದ.